ಪೂಜೆಯಾದ ಪಾಯ

ನೆಲಕ್ಕೂ ದನಿ ಇರುತ್ತದೆ ಎಂದು ನನಗೆ ಹೇಳಿಕೊಟ್ಟವರು ಬೀದರಿನ ನಮ್ಮ ಓವರ್ಸಿಯರ್ ಸಾಹೇಬರು. ಸರ್ಕಾರದವರು ಆಗ ನಮ್ಮಂಥ ಹುಡುಗರಿಗೆ ಕಟ್ಟಡದ ಕೆಲಸ ನಡೆಸುವುದನ್ನು ಕಲಿಸಲು ಕೋಟೆಯ ಸಮೀಪ ಒಂದು ತರಗತಿ ಇಟ್ಟಿದ್ದರು. ಮುಂಜಾನೆ ನಕ್ಷೆ, ಅಂದಾಜು, ಉರ್ದುವಿನಲ್ಲಿ ಲೆಕ್ಕ. ಊಟವಾದ ಮೇಲೆ ಬಿಸಿಲಲ್ಲಿ ಕೈಕೆಲಸ. ಸಾಹೇಬರು ಹಾರೆ ಎತ್ತಿ ಅಗೆದ ಗುಂಡಿಯ ತಳಕ್ಕೆ ಕುಟ್ಟುತ್ತಿದ್ದರು. ಬೀದರಿನ ನೆಲವೇ ಹಾಗೆ, ಮೊಣಕಾಲುದ್ದ ತೋಡಿದರೆ ಕೆಂಪು ಕಲ್ಲು ಸಿಕ್ಕಿ ಹಾರೆ ಠಣ್ ಅನ್ನುತ್ತದೆ.

"ಕೇಳಿಸ್ತೇನ್ರೋ? ನೆಲ ಹೂಂ ಅಂತು. ಇನ್ನ ಪಾಯಾ ಹಾಕ್ರಿ," ಎನ್ನುತ್ತಿದ್ದರು.

ಆ ಮಧ್ಯಾಹ್ನಗಳು ನೆನಪಾದರೆ ಈಗಲೂ ಮನಸ್ಸು ಹಗುರಾಗುತ್ತದೆ. ಸುಣ್ಣ ಅರಳಿಸುವ ಹೊಂಡದಿಂದ ಬರುವ ಬಿಸಿ ಹಬೆ, ಸುಣ್ಣ ಅರೆಯುವ ಗಾಣದ ಕಲ್ಲು ತಿರುಗುವ ಸದ್ದು, ಎಲ್ಲರ ಅಂಗೈಯಲ್ಲೂ ಬೊಕ್ಕೆ. ಭಾಲ್ಕಿಯ ಬಟ್ಟೆ ಅಂಗಡಿಯ ಮನೆತನದವನು ನಾನು. ಕೈಯಲ್ಲಿ ಗಜಕಡ್ಡಿ ಬಿಟ್ಟು ಬೇರೇನೂ ಹಿಡಿದವನಲ್ಲ. ಮೊದಲ ವಾರ ಸುಣ್ಣ ತಿಂದ ಬೆರಳಿಗೆ ಎಣ್ಣೆ ಹಚ್ಚಿಕೊಂಡು ರೊಟ್ಟಿ ಮುರಿಯಲೂ ಆಗದೆ ಕುಳಿತಿದ್ದರೆ ಸಾಹೇಬರು ನಕ್ಕು, "ಸೀರಿ ಅಳಿಯೋದು ಬಿಟ್ಟು ಗ್ವಾಡಿ ಅಳೀಲಿಕ್ಕ ಬಂದೀದಿ, ತಡಕೋ," ಅಂದಿದ್ದರು.

ಅವರ ಇನ್ನೊಂದು ಪಾಠವೂ ಬಾಯಿಪಾಠವಾಗಿತ್ತು. "ಕೆಲಸ ನಡಸೋದು ಅಂದ್ರ ಏನು? ಸುಣ್ಣ ಇದ್ದಾಗ ಕಲ್ಲಿರಲ್ಲ, ಕಲ್ಲಿದ್ದಾಗ ನೀರಿರಲ್ಲ, ಮೂರೂ ಇದ್ದಾಗ ಮಂದಿ ಇರಲ್ಲ. ನಾಕೂ ಒಂದೇ ದಿನ, ಒಂದೇ ಜಾಗಾಕ್ಕ ತರಬೇಕು. ಉಳದದ್ದು ಮಿಸ್ತ್ರಿ ಮಾಡ್ತಾನ."

ಗಲಾಟೆಯ ದಿನಗಳಲ್ಲಿ ತರಗತಿ ಮುಚ್ಚಿತು. ಪೊಲೀಸ್ ಆ್ಯಕ್ಷನ್ ಆಗಿ, ಬೀದರಿಗೆ ಫೌಜು ಬಂದು, ಹೋಗಿ, ಎಷ್ಟೋ ತಿಂಗಳ ಮೇಲೆ ಮತ್ತೆ ತೆರೆದರು. ರಾಜ್ಯ ಬದಲಾಗಿ ಗೋಡೆಯ ಮೇಲಿನ ದೊರೆಯ ಚಿತ್ರವೂ ಬದಲಾಗಿತ್ತು. ಚಾಪೆಯ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಇಬ್ಬರು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದು ಎಂಬ ಅಂಜಿಕೆ ಎಲ್ಲರಿಗೂ ಇತ್ತು.

ತರಗತಿಯ ನಿಯಮ ಒಂದೇ. ದಾರ ಹಿಡಿಯುವುದರಿಂದ ಮೇಲೆ ಮಾಳಿಗೆಯ ಚಾವಣಿ ಹಾಕುವವರೆಗೆ ಒಂದು ಕೆಲಸವನ್ನು ತಾನೇ ನಡೆಸಿ ಮುಗಿಸಿದವನಿಗೆ ಸನದು, ಅಂದರೆ ಪಾಸಾದ ಪತ್ರ. ನನ್ನ ಪಾಲಿಗೆ ಬಂದದ್ದು ಔರಾದ್ ತಾಲೂಕಿನಲ್ಲಿ, ಸಂತಪುರ ದಾಟಿದ ಮೇಲೆ ಗಾಡಿದಾರಿಯಲ್ಲಿ ಹೋಗಬೇಕಾದ ಒಂದು ಹಳ್ಳಿಯ ಶಾಲೆ. ಅಲ್ಲಿಯವರೆಗೆ ಆ ಊರಿನ ಮಕ್ಕಳು ಪಾಟೀಲರ ದನದ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ಓದುತ್ತಿದ್ದರು. ಮಾಸ್ತರರಿಗಿಂತ ಎಮ್ಮೆಗಳ ದನಿಯೇ ಜೋರು.

ಹೊರಡುವ ಮುನ್ನ ಸಾಹೇಬರು ನನ್ನನ್ನು ಬೀದರಿನ ಪಕ್ಕದ ಅಷ್ಟೂರಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಮುದಿ ಮಿಸ್ತ್ರಿ ಇದ್ದರು, ಎಲ್ಲರೂ ಚಾಚಾ ಅನ್ನುತ್ತಿದ್ದರು. ಆ ಊರಿನ ಬಾದಶಹರ ಗುಮ್ಮಟಗಳ ಸುಣ್ಣದ ಗಚ್ಚು ಬಿದ್ದಲ್ಲೆಲ್ಲ ತೇಪೆ ಹಾಕಿದ್ದು ಅವರ ಮನೆತನ. ಸುಣ್ಣದ ಕೆಲಸ ಬಲ್ಲ ಅಂಥ ಕೈಗಳು ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದವು. ಆದರೆ ಚಾಚಾ ಗಲಾಟೆಯ ನಂತರ ಅಷ್ಟೂರಿನ ಗಡಿ ದಾಟಿರಲಿಲ್ಲ. ಅವರ ಅಳಿಯ ಆ ವಾರಗಳಲ್ಲಿ ಹಳ್ಳಿಯೊಂದಕ್ಕೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ.

ಸಾಹೇಬರು ಮಾತು ತೆಗೆದ ಕೂಡಲೇ ಬಾಗಿಲ ಪರದೆಯ ಹಿಂದಿನಿಂದ ಅವರ ಹೆಂಡತಿ ಚಾಚಿಯ ದನಿ ಬಂತು. "ಅಳಿಯಗ ಕಳಕೊಂಡೀನಿ. ಇವರಿಗೆ ಕಳಸಲ್ರಿ ನಾ."

ಚಾಚಾ ತಮ್ಮ ಕೈಗಳನ್ನೇ ನೋಡುತ್ತ ಕುಳಿತರು. ಸಾಹೇಬರು ನನ್ನನ್ನು ತೋರಿಸಿ, "ಈ ಪೋರ ಜವಾಬ್ದಾರಿ ಅದಾನ, ಬೀಬಿ. ಹ್ಯಾಂಗ ಕರಕೊಂಡು ಹೋಗ್ತಾನ, ಹಾಂಗೇ ತಂದು ಬಿಡ್ತಾನ," ಅಂದರು. ಯಾರೂ ನನ್ನನ್ನು ಕೇಳಿರಲಿಲ್ಲ. ಚಾಚಾ ಎದ್ದು ಗಾರೆ ಬಳಿಯುವ ಕರಣಿ, ಮೂಲೆ ಹಿಡಿಯುವ ಗುನಿಯಾ, ತೂಕದ ಗುಂಡು ಚೀಲಕ್ಕೆ ಹಾಕಿಕೊಂಡರು.

ವಾಪಸು ಬರುವ ದಾರಿಯಲ್ಲಿ, ಚಾಚಾ ನಾಲ್ಕು ಹೆಜ್ಜೆ ಹಿಂದಿದ್ದಾಗ, ಸಾಹೇಬರು ನನಗೆ ಹೇಳಿದ ಮಾತು ಇಷ್ಟು: "ಗ್ವಾಡಿ ಇವತ್ತಿಲ್ಲ ನಾಳಿ ಏಳ್ತದ. ಈ ಮನಷ್ಯಾ ಮರ್ಯಾದಿಲೆ ಹೋಗಿ ಮರ್ಯಾದಿಲೆ ಬರಬೇಕು, ಕರದ್ರ ಮತ್ತೊಮ್ಮಿ ಬರಬೇಕು. ನಿನ್ನ ಪರೀಕ್ಷಾ ಇದೇ ಅಂತ ತಿಳಕೋ."

ಹಳ್ಳಿಯವರು ನಮ್ಮನ್ನು ಕೆಟ್ಟದಾಗಿ ನೋಡಲಿಲ್ಲ, ಚೆನ್ನಾಗಿಯೂ ನೋಡಲಿಲ್ಲ. ಗಲಾಟೆಯ ನಂತರ ಊರಿನ ಒಂದು ಓಣಿ, ಮುಸಲ್ಮಾನರದು, ಖಾಲಿ ಬಿದ್ದಿತ್ತು. ಬಾಗಿಲುಗಳಿಗೆ ಹೊರಗಿನಿಂದ ಮುಳ್ಳು ಹಚ್ಚಿದ್ದರು. ಚಾಚಾ ಆ ಓಣಿಯ ಮುಂದೆ ಹಾಯುವಾಗ ನಡಿಗೆ ಜೋರು ಮಾಡುತ್ತಿದ್ದರು. ಊಟವೂ ಬೇರೆ. ಕೆಲಸದ ಜಾಗದಲ್ಲೇ ಬೇವಿನ ಮರದ ಕೆಳಗೆ ಕಲ್ಲು ಹೂಡಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ನಾನು ಪಾಟೀಲರ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದೆ. ಚಾಚಾ ಮಾಡುವ ಚಹಾದ ರುಚಿಗೆ ಬೆಳಗಾಗುತ್ತಲೇ ಮರದ ಕೆಳಗೆ ಹಾಜರು.

ದಾರ ಕಟ್ಟಿ, ಗುನಿಯಾದಿಂದ ಮೂಲೆ ಹಿಡಿದು, ಗುರುತಿಗೆ ಸುಣ್ಣದ ಪುಡಿ ಬಿಟ್ಟು, ಪಾಯ ತೋಡಿಸಿದೆವು. ನಕ್ಷೆಯಲ್ಲಿ ಆಳದ ಲೆಕ್ಕ ಇರಲಿಲ್ಲ, 'ಗಟ್ಟಿ ನೆಲದವರೆಗೆ' ಎಂದಷ್ಟೇ ಬರೆದಿತ್ತು. ಸುಡು ಬೇಸಿಗೆ. ಕರಿಯ ಎರೆ ಮಣ್ಣು ಒಣಗಿ ಗುದ್ದಲಿಗೂ ಜಗ್ಗುತ್ತಿರಲಿಲ್ಲ. ಸೊಂಟದ ಆಳಕ್ಕೆ ಹೋದಾಗ ಚಾಚಾ ಹಾರೆ ಎತ್ತಿ ಕುಟ್ಟಿದರು. ಠಣ್ ಅಂತು. ನಾನೂ ಕುಟ್ಟಿದೆ. ಬೀದರಿನ ದನಿಯೇ. ಇಬ್ಬರೂ ಮುಖ ಮುಖ ನೋಡಿ ತಲೆಯಾಡಿಸಿದೆವು.

ಪೂಜೆಗೆ ಪಾಟೀಲರ ತಾಯಿಯೇ ಬಂದರು. ಊರೆಲ್ಲ ಆಯಿ ಎನ್ನುತ್ತಿದ್ದ ಹಣ್ಣು ಮುದುಕಿ. ಬೆನ್ನು ಬಾಗಿದ್ದರೂ ನಾಲಿಗೆ ನೆಟ್ಟಗೆ. ಈಶಾನ್ಯದ ಮೂಲೆಯ ಕಲ್ಲಿಗೆ ಆಕೆ ವಿಭೂತಿ ಬಳಿದು ಕುಂಕುಮ ಇಟ್ಟು ಕಾಯಿ ಒಡೆದರು. ಚಾಚಾ ಬಿಸ್ಮಿಲ್ಲಾ ಎಂದು ಆ ಕಲ್ಲನ್ನು ಸುಣ್ಣದ ಗಾರೆಯ ಮೇಲೆ ಕೂರಿಸಿ, ಸಕ್ಕರೆಯ ಮೇಲೆ ಫಾತೇಹಾ ಓದಿದರು. ಸಕ್ಕರೆ ಹಂಚಿದಾಗ ಕೆಲವರು ಕೈ ಚಾಚಿದರು, ಕೆಲವರು ಬೇರೆ ಕಡೆ ನೋಡಿದರು. ಆಯಿ ಮಾತ್ರ ಬೊಗಸೆ ತುಂಬ ಇಸಿದುಕೊಂಡು, "ಇಷ್ಟೇನಾ? ನಿಮ್ಮ ಸರ್ಕಾರ ಭಾಳ ಜೀನ ಅದ ನೋಡ್ರಿ," ಎಂದು ನನ್ನನ್ನು ಕೆಣಕಿದರು.

ಕೆಲಸ ಸಾಗಿತು. ಸಾಗಿತು ಎಂದರೆ ಎತ್ತು ಏರಿಗೆ, ಕೋಣ ನೀರಿಗೆ. ಬೀದರಿನ ಕೆಂಪು ಕಲ್ಲು ಕೊಡಲಿ ಏಟಿಗೆ ಬಾಗಿಲು ಚೌಕಟ್ಟಿನಷ್ಟು ನೇರವಾಗಿ ಬರುತ್ತದೆ. ಇಲ್ಲಿನ ಕರಿಗಲ್ಲು ಉಳಿಯನ್ನೇ ಮೊಂಡು ಮಾಡುತ್ತಿತ್ತು. "ಇದು ಕಲ್ಲಲ್ಲ ಬೇಟಾ, ಇದು ಹಟ," ಎಂದು ಚಾಚಾ ಗೊಣಗುತ್ತಿದ್ದರು. ಸುಣ್ಣ ಅರೆಯುವ ಗಾಣಕ್ಕೆ ಎತ್ತು ಸಿಕ್ಕ ದಿನ ಉಸುಕಿನ ಗಾಡಿ ಬರುತ್ತಿರಲಿಲ್ಲ. ಅರೆದ ಗಾರೆ ಉಳಿದರೆ ಹಾಳು. ನಾನು ಹೊಲಗಳಿಗೆ ಓಡಿ ಗಾಡಿಯವರ ಕಾಲು ಹಿಡಿಯುವುದೊಂದು ಬಾಕಿ. ಹಾಗೂ ಹೀಗೂ ಪಾಯ ತುಂಬಿ ಗೋಡೆ ನೆಲದಿಂದ ಮೊಣಕಾಲು ಮಟ್ಟ ಮೇಲೆ ಬಂತು. ಮಳೆಗಾಲಕ್ಕೆ ಮೊದಲು ಮಾಳಿಗೆ ಹಾಕಬಹುದು, ಸನದು ಕೈಗೆ ಬಂದಂತೆಯೇ ಎಂದುಕೊಂಡೆ.

ಆಗ ಒಂದು ಮಧ್ಯಾಹ್ನ ಗಾಳಿ ಎದ್ದು ಅಡ್ಡಮಳೆ ಸುರಿಯಿತು. ಹೊತ್ತು ಮುಳುಗುವ ತನಕ ಬಿಡಲಿಲ್ಲ. ಮರುದಿನ ಗೋಡೆಯ ಮೇಲೆ ದಾರ ಹಿಡಿದು ನೋಡುತ್ತೇನೆ, ಒಂದು ಮೂಲೆ ದಾರವನ್ನು ಎತ್ತುತ್ತಿದೆ. ನಡು ಗೋಡೆಯ ಸಂದಿನಲ್ಲಿ ಕೂದಲೆಳೆಯಂಥ ಬಿರುಕು.

"ಸುಣ್ಣ ಹಸಿ ಅದ. ಒಣಗುವಾಗ ಬಿಡ್ತದ," ಎಂದು ಚಾಚಾ ಹೆಬ್ಬೆರಳಿನಿಂದ ಗಾರೆ ತುಂಬಿದರು. ಬಿಸಿಲು ಬಿದ್ದ ಮೇಲೆ ಬಿರುಕು ಮತ್ತೆ ತೆರೆಯಿತು, ಈ ಸಲ ಇನ್ನಷ್ಟು ಅಗಲ. ಪಾಯದ ಪಕ್ಕದ ನೆಲವೂ ಒಡೆದಿತ್ತು. ಒಂದು ಜೋಳದ ದಂಟು ತಂದು ಆ ನೆಲದ ಬಿರುಕಿನೊಳಗೆ ಇಳಿಬಿಟ್ಟೆ. ನಮ್ಮ ಪಾಯದ ತಳ ದಾಟಿ ದಂಟು ಇಳಿಯುತ್ತಲೇ ಹೋಯಿತು.

ಪಾಟೀಲರಿಗೆ ಹೇಳಿದರೆ ನಕ್ಕರು. ಒಳ್ಳೆಯ ಮನುಷ್ಯ, ಗಾಬರಿಯಾಗುವ ಜಾತಿಯಲ್ಲ. "ಸಾಹೇಬ್ರ, ಈ ಊರಾಗ ಬಿರುಕಿಲ್ಲದ ಮನಿ ಯಾವ್ದದ ತೋರಸ್ರಿ. ದೀಪಾವಳಿಗೊಮ್ಮಿ ಮೆತ್ತತೀವಿ, ಮುಗೀತು."

"ಅದು ಮಣ್ಣಿನ ಗ್ವಾಡಿರಿ, ಮೆತ್ತತೀರಿ. ಇದು ಕಲ್ಲಿಂದು. ಮ್ಯಾಲ ಮಾಳಗಿ ಭಾರ ಬೀಳ್ತದ, ಕೆಳಗ ಪೋರಗೋಳು ಕೂಡ್ತಾವ."

"ನೋಡೋಣ ತಗೋರಿ," ಎಂದು ಎದ್ದು ಹೋದರು.

ಗಟ್ಟಿ ನೆಲ ನಿಜವಾಗಿ ಎಲ್ಲಿದೆ ಎಂದು ತಿಳಿಯಬೇಕಾದರೆ ಹೊಸದೊಂದು ಗುಂಡಿ ತೋಡಬೇಕಿತ್ತು. ಆಳುಗಳೋ ಬಿತ್ತನೆಯ ತಯಾರಿಯಲ್ಲಿದ್ದರು. ಅಷ್ಟರಲ್ಲಿ ಪಾಟೀಲರ ಹಿತ್ತಿಲಲ್ಲಿ ಹಗೇವಿನ ಬಾಯಿ ತೆರೆದದ್ದು ಕಣ್ಣಿಗೆ ಬಿತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಕಾಳು ತೆಗೆದು ಖಾಲಿ ಮಾಡಿದ್ದರು. ಇದಕ್ಕಿಂತ ಒಳ್ಳೆಯ ಗುಂಡಿ ಯಾರು ತೋಡಿಕೊಡುತ್ತಾರೆ?

ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಸುಮ್ಮನೆ ಇಳಿದರೆ ಮೇಲೆ ಬರುವುದು ಹೆಣವೇ. ಅದಕ್ಕೆ ಪಾಟೀಲರ ಆಳು ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಕಂದೀಲು ಉರಿಯುತ್ತಲೇ ಇತ್ತು. ನಂತರ ನನ್ನ ಸೊಂಟಕ್ಕೆ ಹಗ್ಗ ಬಿಗಿದರು. ಹಳೆಯ ಜೋಳದ ವಾಸನೆ, ತಂಪು. ಕಂದೀಲು ಎತ್ತಿ ಗೋಡೆ ನೋಡಿದೆ. ಬಾಯಿಯಿಂದ ನನ್ನ ತಲೆಯ ಮಟ್ಟದವರೆಗೂ ಕರಿ ಎರೆ, ತುಂಬ ಬಿರುಕು. ಅದರ ಕೆಳಗೆ ಸುಣ್ಣದ ಹರಳು ಬೆರೆತ ಬೂದು ಮಣ್ಣು. ಅದಕ್ಕೂ ಕೆಳಗೆ ಹಳದಿ ಗರಸು, ಕಲ್ಲಿನಂಥ ಗಟ್ಟಿ ಮಣ್ಣು, ಒಂದು ಗೆರೆಯೂ ಒಡೆದಿಲ್ಲ. ಮೊಳೆ ಹೊಡೆದು ನೋಡಿದೆ, ಇಳಿಯಲಿಲ್ಲ. ನಮ್ಮ ಪಾಯ ಎರೆಯ ನಡುಮಧ್ಯದಲ್ಲಿ ತೇಲುತ್ತಿತ್ತು. ಬೇಸಿಗೆಯ ಒಣ ಎರೆ ಹಾರೆಗೆ ಬೀದರಿನ ಕಲ್ಲಿನಂತೆಯೇ ಉತ್ತರ ಕೊಟ್ಟಿತ್ತು, ಬೀದರಿನ ನೆಲ ಕೇಳಿ ಕಲಿತ ನಾವು ನಂಬಿದ್ದೆವು.

ಮೇಲೆ ಬಂದವನೇ ಪಾಟೀಲರನ್ನು ಕೇಳಿದೆ. "ಹಗೇವು ಇಷ್ಟು ಆಳ ಯಾಕ ತೋಡ್ಸೀರಿ?"

"ಗರಸು ಹತ್ತೋ ತನಕ ಹೋಗ್ಬೇಕಲ್ರಿ. ಎರಿ ಒಡೀತದ, ನೀರು ಹೊಕ್ಕು ಜ್ವಾಳ ಕೆಡ್ತದ."

"ಜ್ವಾಳಕ್ಕ ಗರಸಿನ ತನಕ ಹೋಗ್ತೀರಿ. ಪೋರಗೋಳಿಗೆ ಎರಿ ಮ್ಯಾಲೇ ಸಾಕೇನ್ರಿ?"

ಪಾಟೀಲರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ನಿಮ್ಮ ಮಾತು ಖರೇ ಅದ. ಆದರ ಪೂಜಿ ಆಗ್ಯದ. ಪೂಜಿ ಆದ ಪಾಯಾ ಕಿತ್ತಿದ್ದು ಈ ಊರಾಗ ಯಾರೂ ನೋಡಿಲ್ಲ. ಕೀಳಲೇಬೇಕಾದ್ರ ಇಟ್ಟ ಕೈನೇ ಎತ್ತಬೇಕು, ಹಾಂಗದ ಪದ್ಧತಿ." ಆಮೇಲೆ ದನಿ ತಗ್ಗಿಸಿದರು. "ಇಟ್ಟ ಕೈ ಯಾರ್ದು ಅನ್ನೋದು ಮಂದಿಗೆ ಗೊತ್ತದ. ವ್ಯಾಳ್ಯಾ ಸರಿ ಇಲ್ರಿ. ಸುಮ್ಮ ಮ್ಯಾಲ ಕಟ್ರಿ. ಯಾರೂ ನಿಮಗ ಕೇಳಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ನನ್ನ ಸ್ಥಿತಿ. ಪಾಟೀಲರಿಗೆ ಮುಂದುವರಿಯುವುದೇ ಬೇಕು. ಚಾಚಾಗೂ ಅದೇ ಬೇಕು. ನನಗಂತೂ ಮಳೆಗೆ ಮೊದಲು ಮಾಳಿಗೆ ಬಿದ್ದರೆ ಸನದು. ಯಾರೂ ಬೇಡ ಎನ್ನದ ಕೆಲಸವನ್ನು ನಿಲ್ಲಿಸುವುದು ಹೇಗೆ? ಊರ ಹೊರಗಿನ ಬಾವಿಕಟ್ಟೆಯ ಮೇಲೆ ಕುಳಿತು ಯೋಚಿಸಿದೆ. ಇವತ್ತು ಯಾರೂ ಬೈಯುವುದಿಲ್ಲ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಗೋಡೆ ಬಾಯಿ ಬಿಡುತ್ತದೆ. ಆಗ ಯಾರೂ ನೆಲವನ್ನು ಬೈಯುವುದಿಲ್ಲ, ನಕ್ಷೆಯನ್ನು ಬೈಯುವುದಿಲ್ಲ, ಚಿಗುರುಮೀಸೆಯ ಈ ಓವರ್ಸಿಯರನ ನೆನಪೂ ಅವರಿಗೆ ಇರುವುದಿಲ್ಲ. ಅಷ್ಟೂರಿನ ಮಿಸ್ತ್ರಿ ಬೇಕೆಂದೇ ಹೀಗೆ ಮಾಡಿದ ಅನ್ನುತ್ತಾರೆ. ಅನ್ನುವಷ್ಟಕ್ಕೇ ನಿಲ್ಲುತ್ತಾರೆಂದು ಹೇಳುವ ಧೈರ್ಯ ಆ ಕಾಲದಲ್ಲಿ ನನಗಿರಲಿಲ್ಲ. ಪರದೆಯ ಹಿಂದಿನ ಆ ದನಿ ಕಿವಿಯಲ್ಲೇ ಇತ್ತು.

ಕೆಲಸ ನಿಲ್ಲಿಸಿದೆ.

ಚಾಚಾ ಕೆರಳಿದರು. ಅವರು ಸಿಟ್ಟಾದದ್ದನ್ನು ನಾನು ಅದೇ ಮೊದಲು ನೋಡಿದ್ದು. "ನಮ್ಮ ಮುತ್ಯಾ ಹಾಕಿದ ಗಚ್ಚು ಅಷ್ಟೂರದಾಗ ಇವತ್ತಿಗೂ ಉಗುರಿಗೆ ಜಗ್ಗಲ್ಲ. ನನ್ನ ಕೈಲೆ ಇಟ್ಟ ಕಲ್ಲು ಮಂದಿ ಮುಂದ ನಾನೇ ಎತ್ತಲೇನು? ಭರವಸಾ ಇಲ್ಲಂದ್ರ ಹೇಳು, ನಾ ಮನಿಗೆ ಹೋಗ್ತೇನಿ." ಚೀಲಕ್ಕೆ ಕರಣಿ ತುರುಕತೊಡಗಿದರು.

ನನಗೂ ಮೂಗಿನ ತುದಿಯಲ್ಲೇ ಕೋಪ. ಆದರೆ ಅಂದು ಅದೇಕೋ ನಾಲಿಗೆ ಬಿಗಿಹಿಡಿದೆ. "ಹೋಗ್ರಿ ಚಾಚಾ, ನಾನೇ ತಂದು ಬಿಡ್ತೇನಿ. ನಾಳಿ ಮುಂಜಾನಿ ತನಕ ಇರ್ರಿ, ಅಷ್ಟೇ."

ಶಾಲೆಯ ಪಡಸಾಲೆಯ ಕಡೆ ತೋಡಿ ಇನ್ನೂ ತುಂಬದೆ ಬಿಟ್ಟಿದ್ದ ಪಾಯದ ಒಂದು ತುಂಡು ಇತ್ತು. ನೀರು ಹೊರುವ ಹೆಂಗಸರಿಂದ ಅದರ ತುಂಬ ಕೊಡಗಟ್ಟಲೆ ನೀರು ಹುಯ್ಯಿಸಿದೆ. ಬಾವಿ ತಳ ಕಾಣುವ ಕಾಲ, ಅವರ ಬೈಗಳೂ ಕೊಡಗಟ್ಟಲೆ ಬಂದವು. ಮುಂಜಾನೆ ಚಹಾ ಕುಡಿದು ಚಾಚಾ ಕೈಗೆ ಹಾರೆ ಕೊಟ್ಟೆ. ಮುಖ ಗಂಟಿಕ್ಕಿಕೊಂಡೇ ಎತ್ತಿ ಕುಟ್ಟಿದರು. ಸದ್ದೇ ಇಲ್ಲ. ಹಾರೆ ಬೆಣ್ಣೆಯಲ್ಲಿ ಇಳಿದಂತೆ ಮೊಳದುದ್ದ ಇಳಿದು ನಿಂತಿತು. ಎಳೆದರೆ ಹೀರಿ ಹಿಡಿದ ಮಣ್ಣು ಬಿಡಲೊಲ್ಲದು.

ಚಾಚಾ ಪಾಯದ ದಂಡೆಯ ಮೇಲೆ ಕುಳಿತುಬಿಟ್ಟರು. "ಬೀದರ ನೆಲಕ್ಕ ಒಂದೇ ಮಾತು ಬೇಟಾ. ಈ ನೆಲಕ್ಕ ಬಿಸಲಾಗ ಒಂದು, ಮಳ್ಯಾಗ ಒಂದು." ಆಮೇಲೆ ಕೇಳಿದರು. "ಎತ್ತಿದ್ರೂ ಬೈತಾರ. ಬಿಟ್ಟು ಮುಂದ ಒಡದ್ರೂ ಬೈತಾರ. ನಾ ಏನು ಮಾಡ್ಲಿ?"

"ಈಗ ಎತ್ತಿದ್ರ ನಿಮ್ಮ ಬಾಜೂಕ ನಾ ಇರ್ತೇನಿ ಚಾಚಾ. ಮುಂದ ಒಡದ್ರ ನಾ ಎಲ್ಲಿರ್ತೇನೋ ಏನೋ."

ಅವರು ನನ್ನ ಮುಖ ನೋಡಿದರು. ಚೀಲದಿಂದ ಕರಣಿ ಹೊರಗೆ ತೆಗೆದಿಟ್ಟರು.

ಬಾಜೂಕ ಇರುತ್ತೇನೆ ಎಂದೆನೇ ಹೊರತು ಜನ ತಿರುಗಿಬಿದ್ದರೆ ನನ್ನ ಮೈಯಲ್ಲಿ ಏನಿತ್ತು? ಒಂದು ಗಾಳಿಗೆ ಹಾರುವ ದೇಹ. ಸೀದಾ ಆಯಿಯ ಬಳಿ ಹೋದೆ. ಆಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಎಲ್ಲವನ್ನೂ ಬಿಡಿಸಿ ಹೇಳಿದೆ. ದಂಟು, ಹಗೇವು, ಹಾರೆ, ಅಷ್ಟೂರಿನ ಪರದೆಯ ಹಿಂದಿನ ಮಾತು ಕೂಡ. ಆಕೆ ಮೊರ ಕೆಳಗಿಟ್ಟರು.

"ಆಕಿ ಅಳಿಯ ಯಾವೂರಿಗೆ ಹೋಗಿದ್ದ?" ಎಂದರು.

ಚಾಚಾ ಅದನ್ನು ನನಗೆ ಎಂದೂ ಹೇಳಿರಲಿಲ್ಲ. "ಗೊತ್ತಿಲ್ರಿ ಆಯಿ," ಎಂದೆ.

"ಗೊತ್ತಾಗೋದೂ ಬ್ಯಾಡ," ಎಂದು ಸೆರಗು ಜಾಡಿಸಿ ಎದ್ದರು. "ನಡಿ ತಮ್ಮಾ."

ಅವರು ಬರುತ್ತಾರೆಂದರೆ ಊರು ಹಿಂದೆ ಬರದಿರುತ್ತದೆಯೇ? ನೋಡನೋಡುತ್ತ ಪಾಯದ ಸುತ್ತ ಜನ. ಚಾಚಾ ಈಶಾನ್ಯದ ಮೂಲೆಯಲ್ಲಿ, ಮೇಲಿನ ಕಲ್ಲುಗಳನ್ನು ಸರಿಸಿ, ಕುಂಕುಮದ ಗುರುತು ಕಾಣುವ ಆ ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ನಾನು ಪಕ್ಕದಲ್ಲಿ ನಿಂತು, ನೆಲ ಹೀಗಿದೆ, ಬೇಸಿಗೆಯಲ್ಲಿ ನಮ್ಮಿಬ್ಬರಿಗೂ ತಿಳಿಯಲಿಲ್ಲ, ಇಲಾಖೆಯ ನಕ್ಷೆಗೂ ತಿಳಿದಿರಲಿಲ್ಲ ಎಂದು ಹೇಳತೊಡಗಿದೆ.

ಹಿಂದಿನಿಂದ ಒಬ್ಬ ಕೂಗಿದ. "ಮಿಸ್ತ್ರಿ ಅಂದ ಮ್ಯಾಲ ನೆಲಾ ತಿಳೀಬಾರದೇನು? ಬೇಕಂತ ಮಾಡ್ಯಾನ!"

ಗುಂಪು ಒಂದು ಹೆಜ್ಜೆ ಮುಂದೆ ಬಂದಂತಾಯಿತು. ಚಾಚಾ ತಲೆ ಎತ್ತಲಿಲ್ಲ.

ಆಯಿ ತಿರುಗಿ ಕೂಗಿದವನನ್ನು ಹುಡುಕಿದರು. "ಯಾರವ, ನೀನಾ? ನಿನ್ನ ಮನಿ ಗ್ವಾಡಿ ಯಾರು ಕಟ್ಯಾರ? ನಿಮ್ಮಪ್ಪ. ಒಡದದಲ್ಲ? ನನ್ನ ತೋಳು ಹೋಗೂವಷ್ಟು ಒಡದದ. ನಿಮ್ಮಪ್ಪನೂ ಬೇಕಂತ ಮಾಡಿದ್ನೇನು?"

ಯಾರೋ ಕಿಸಕ್ಕೆಂದರು. ಇನ್ನೊಬ್ಬರು ನಕ್ಕರು. ಆ ನಗು ಬಂದದ್ದೇ ನನಗೆ ನಿಂತ ಉಸಿರು ಬಂದಂತಾಯಿತು. ಆಯಿ ಪಾಟೀಲರ ಭುಜ ಹಿಡಿದು ಪಾಯದೊಳಗೆ ಇಳಿದರು. ಆ ವಯಸ್ಸಿನಲ್ಲಿ, ಆ ಬೆನ್ನಿನಲ್ಲಿ. ಚಾಚಾನ ಎದುರು ಕುಳಿತು ಕಲ್ಲಿನ ಮೇಲೆ ಕೈ ಇಟ್ಟರು.

"ಕುಂಕುಮ ಹಚ್ಚಿದಾಕಿ ನಾ. ಕಲ್ಲು ಇಟ್ಟವ ನೀ. ಇಬ್ರೂ ಇಟ್ಟೀವಿ, ಇಬ್ರೂ ಎತ್ತೋಣ. ಬೈಯವ್ರು ಮೊದಲ ನನಗ ಬೈರಿ. ಹಿಡಿ ಅಣ್ಣಾ."

ಎತ್ತಿದರು. ಭಾರವೆಲ್ಲ ಚಾಚಾನ ಕೈಯಲ್ಲೇ ಇದ್ದಿರಬೇಕು, ಆದರೆ ನಾಲ್ಕು ಕೈಗಳೂ ಕಲ್ಲನ್ನು ಬಿಡಲಿಲ್ಲ. ಅದನ್ನು ಪಾಯದ ದಂಡೆಯ ಮೇಲೆ ಇಟ್ಟಾಗ ಚಾಚಾನ ಗಡ್ಡ ಒದ್ದೆಯಾಗಿತ್ತು. ನನಗೂ ಕಣ್ಣು ತುಂಬಿ ದಾರ, ಗೂಟ, ಮಂದಿ ಎಲ್ಲ ಮಸುಕಾದವು. ನಾಚಿಕೆಯೇನೂ ಆಗಲಿಲ್ಲ.

ಅಲ್ಲಿಂದ ಮುಂದೆ ಹಗಲೆಲ್ಲ ಅಗೆತ. ಮೊದಲು ಇಳಿದವನು ಆ ಕೂಗಿದವನೇ. ಆಯಿ ಅವನ ಕೈಗೆ ಗುದ್ದಲಿ ಕೊಡಿಸಿದ್ದರು. ಕಿತ್ತ ಕಲ್ಲುಗಳ ಗಾರೆ ಕೆರೆದು ಒಟ್ಟಿದೆವು. ಆಳೆತ್ತರ ದಾಟಿ ಹಳದಿ ಗರಸು ಹತ್ತುವವರೆಗೆ ತೋಡಿ, ತಳಕ್ಕೆ ನೀರು ಹುಯ್ದು, ಮರುದಿನ ಹಾರೆ ಹಾಕಿ ನೋಡಿ, ಆಮೇಲೇ ಆ ಕುಂಕುಮದ ಕಲ್ಲು ಮೊದಲಾಗಿ ಎಲ್ಲ ಕಲ್ಲು ಕೂರಿಸಿದೆವು. ಪಾಯದ ಎರಡೂ ಬದಿಗೆ ಎರೆ ತಾಗದ ಹಾಗೆ ಗರಸು ತುಂಬಿ ಕೊರಡಿನಿಂದ ಕುಟ್ಟಿ ಗಟ್ಟಿಮಾಡುವ 'ದಮ್ಮಸ್' ಹೊಡೆಸಿದೆವು. ಆ ದಮ್ಮಸಿನ ಹಾಡು ಹೇಳುತ್ತಿದ್ದ ಹೆಂಗಸರು ಈಗ ಯಾರೂ ಉಳಿದಿರಲಿಕ್ಕಿಲ್ಲ. ಬೇವಿನ ಮರದ ಕೆಳಗಿನ ಚಹಾಕ್ಕೆ ಬರುವವರು ಹೆಚ್ಚಾದರು. ಒಮ್ಮೆ ಪಾಟೀಲರೇ ಬಂದು ಕುಳಿತು, "ಮಿಸ್ತ್ರಿ, ಸಕ್ರಿ ಜರಾ ಮ್ಯಾಲ," ಎಂದದ್ದು ನೆನಪಿದೆ.

ಆದರೆ ಕಾಲ ಯಾರಪ್ಪನ ಆಳು? ಗೋಡೆ ಕಿಟಕಿಯ ಮಟ್ಟಕ್ಕೆ ಬರುವಷ್ಟರಲ್ಲಿ ಮೃಗಶಿರದ, ನಮ್ಮ ಕಡೆ ಮಿರಗದ, ಮಳೆ ಹಿಡಿಯಿತು. ಹಸಿ ಸುಣ್ಣ ತೊಳೆದು ಹೋಗದಂತೆ ಗೋಡೆಯ ತಲೆಗೆ ದಂಟು ಹೊದಿಸಿ ಮೇಲೆ ಮಣ್ಣು ಮೆತ್ತಿ ಕೆಲಸ ಮುಚ್ಚಿದೆವು. ಹೇಳಿದ್ದಂತೆ ಚಾಚಾನನ್ನು ನಾನೇ ಅಷ್ಟೂರಿಗೆ ತಂದು ಬಿಟ್ಟೆ. "ಮಳಿ ನಿಂತ ಮ್ಯಾಲ ಬರ್ತೀರಲ್ಲ ಚಾಚಾ?" ಎಂದು ಬಾಗಿಲಲ್ಲಿ ಕೇಳಿದೆ. "ಖುದಾ ನಡಸಿದಾಂಗ," ಎಂದು ಒಳಗೆ ಹೋದರು. ಪರದೆ ಬಿತ್ತು.

ಬೀದರಿನಲ್ಲಿ ಸಾಹೇಬರು ನನ್ನನ್ನು ನಿಲ್ಲಿಸಿಕೊಂಡೇ ವಿಚಾರಿಸಿದರು. "ಮಾಳಗಿ ಇಲ್ಲದ ಕಟ್ಟಡಕ್ಕ ಸನದು ಕೊಟ್ರ ನನ್ನ ನೌಕರಿ ಹೋಗ್ತದ. ಈ ವರ್ಷ ಸನದು ಇಲ್ಲ ನಿನಗ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜೊತೆಯವರೆಲ್ಲ ಸನದು ಹಿಡಿದು ನೌಕರಿಗೆ ಹೋದರು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಬಾಗಿಲ ತನಕ ಹೋದಾಗ ಸಾಹೇಬರು ಹಿಂದಿನಿಂದ ಕೇಳಿದರು. "ಅವ ಮತ್ತ ಬರ್ತಾನೇನು?"

"ಗೊತ್ತಿಲ್ರಿ ಸಾಹೇಬ್ರ. ಬರ್ತೇನಿ ಅನ್ಲಿಲ್ಲ."

ಮಳೆಗಾಲದಲ್ಲಿ ಆ ಹಳ್ಳಿಗೆ ಹೋಗಿ ಬಂದೆ. ನೆಲ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು. ದಾರ ಹಿಡಿದು ನೋಡಿದೆ. ನಾಲ್ಕೂ ಮೂಲೆ ಇದ್ದಲ್ಲೇ ಇದ್ದವು. ಒಬ್ಬನೇ ನಿಂತು ನಕ್ಕೆ. ಆದರೆ ಮೇಲೆ ಕಟ್ಟುವ ಕೈ ಬರುತ್ತದೋ ಇಲ್ಲವೋ ಎಂಬ ಚಿಂತೆ ಇಳಿಯಲಿಲ್ಲ. ದಸರೆ ಕಳೆದ ಮೇಲೆ ನಾನು ಅಲ್ಲಿಗೆ ಹೋಗಿ ಗಾಣಕ್ಕೆ ಎತ್ತು ಗೊತ್ತು ಮಾಡಿದೆ. ಅಷ್ಟೂರಿಗೆ ಯಾವಾಗ ಹೋಗಲಿ, ಏನೆಂದು ಕೇಳಲಿ ಎಂದು ದಿನ ದೂಡುತ್ತಿದ್ದೆ. ಕೇಳಿದರೆ ಇಲ್ಲ ಅಂದುಬಿಟ್ಟಾರು ಎಂಬ ಹೆದರಿಕೆ.

ಒಂದು ಸಂಜೆ ಪಾಟೀಲರ ಗಾಡಿ ಊರೊಳಗೆ ಬಂತು. ಆಯಿ ನನಗೂ ಹೇಳದೆ, ಇಲಾಖೆಗೂ ಹೇಳದೆ ಅದನ್ನು ಅಷ್ಟೂರಿಗೆ ಕಳಿಸಿದ್ದರಂತೆ. ಗಾಡಿ ಹೊಡೆಯುತ್ತಿದ್ದವನು ಅಂದು ಪಾಯದ ಬಳಿ ಕೂಗಿದ್ದ ಅದೇ ಮನುಷ್ಯ. ಹಿಂದೆ ಚಾಚಾ ಕಂಡದ್ದೇ ನಾನು ಓಡಿದೆ. ಆದರೆ ಅವರು ಇಳಿಯಲಿಲ್ಲ, ಪಕ್ಕಕ್ಕೆ ಸರಿದು ಕೈ ಚಾಚಿದರು.

ಆ ಕೈ ಹಿಡಿದು ಮೊದಲು ಇಳಿದವರು ಚಾಚಿ. ಬಗಲಲ್ಲಿ ಒಂದು ತಪೇಲಿ, ಹಿಂದೆ ಹಾಸಿಗೆಯ ಸುರುಳಿ, ಬುಟ್ಟಿಯಲ್ಲಿ ಎರಡು ಕೋಳಿ. ಆಕೆ ಅರ್ಧ ಕಟ್ಟಿದ ಗೋಡೆಗಳನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ಪರದೆಯ ಹಿಂದೆ ಕೇಳಿದ್ದ ಅದೇ ದನಿಯಲ್ಲಿ ಕೇಳಿದರು. "ಒಲಿ ಎಲ್ಲಿ ಹೂಡ್ಲಿ, ಬೇಟಾ?"